ಸಣ್ಣ ಎಂಜಿನು, ಒಂದು ಸುತ್ತು ಹಳಿ: ಕರಾವಳಿಯ ಮನೆಯಲ್ಲಿ ಆಟಿಕೆ ರೈಲು ಕೊಳ್ಳುವ, ಓಡಿಸುವ, ಕಾಪಾಡುವ ಕ್ರಮ

ಆಟಿಕೆ ರೈಲನ್ನು ಹವ್ಯಾಸವಾಗಿ ಬೆಳೆಸಿಕೊಳ್ಳಲು ದೊಡ್ಡ ಮನೆಯೂ ಕೈತುಂಬ ಹಣವೂ ಬೇಕೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಎರಡೂ ಬೇಡ. ನಾಲ್ಕು ಅಥವಾ ಆರು ಚಕ್ರಗಳ ಒಂದು ಗಿಡ್ಡ ಎಂಜಿನು, ಒಂದು ಸುತ್ತಿಗೆ ಸಾಲುವಷ್ಟು ಹಳಿ, ಹಳಿಗೆ ವಿದ್ಯುತ್ತು ಕೊಟ್ಟು ವೇಗವನ್ನು ಹೆಚ್ಚು ಕಡಿಮೆ ಮಾಡುವ 12 ವೋಲ್ಟಿನ ಒಂದು ಕಂಟ್ರೋಲರ್ ಇದ್ದರೆ ಊಟದ ಮೇಜಿನ ಮೇಲೆಯೇ ರೈಲು ಓಡಿಸಬಹುದು. ಆದರೆ ಕಾಸರಗೋಡು, ಕುಂಬಳೆ, ಮಂಜೇಶ್ವರದಂಥ ಕಡಲಂಚಿನ ಊರುಗಳಲ್ಲಿ ಉಪ್ಪುಗಾಳಿಯೂ ಮಳೆಗಾಲದ ತೇವವೂ ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳೂ ಸೇರಿ ಈ ಸಣ್ಣ ಯಂತ್ರಗಳನ್ನು ಬೇಗ ಕೆಡಿಸುತ್ತವೆ. ವಿದ್ಯುತ್ತು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ ಹರಿಯಬೇಕಾದ್ದರಿಂದ ಹಳಿ ಮತ್ತು ಚಕ್ರಗಳು ತಾಗುವ ಕೂದಲೆಳೆಯಷ್ಟು ಜಾಗ ಶುಚಿಯಾಗಿದ್ದರೆ ಅಗ್ಗದ ಎಂಜಿನೂ ಚೆನ್ನಾಗಿ ಓಡುತ್ತದೆ. ಅಲ್ಲಿ ಕೊಳೆ ಕುಳಿತರೆ ಎಷ್ಟೇ ಬೆಲೆಬಾಳುವ ಎಂಜಿನೂ ನಿಂತುಬಿಡುತ್ತದೆ. ಕೊಳ್ಳುವಾಗಲೂ ಹಳಿ ಹಾಕುವಾಗಲೂ ಎತ್ತಿಡುವಾಗಲೂ ಈ ಒಂದು ಸಂಗತಿ ಮನಸ್ಸಿನಲ್ಲಿರಬೇಕು.

ಮೊದಲು ಅಳತೆಯನ್ನು ನಿಶ್ಚಯಿಸಿಕೊಳ್ಳಬೇಕು. ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ. ಇದರಲ್ಲಿ ಎಂಜಿನು ನಿಜವಾದ ಎಂಜಿನಿನ 87ರಲ್ಲಿ ಒಂದು ಪಾಲು ಇರುತ್ತದೆ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಬ್ರಿಟನ್ನಿನ ಒಒ ಮಾದರಿಗಳು 76ರಲ್ಲಿ ಒಂದು ಪಾಲಾಗಿ ಸ್ವಲ್ಪ ದೊಡ್ಡವಾಗಿದ್ದರೂ ಇದೇ ಹಳಿಯ ಮೇಲೆ ಓಡುತ್ತವೆ. ಎನ್ ಅಳತೆಯ ಹಳಿಯ ಅಂತರ 9 ಮಿಲಿಮೀಟರ್, ಪ್ರಮಾಣ ಸಾಮಾನ್ಯವಾಗಿ 160ರಲ್ಲಿ ಒಂದು; ಜಪಾನಿನ ಮತ್ತು ಬ್ರಿಟನ್ನಿನ ಮಾದರಿಗಳಲ್ಲಿ ಇದು ಸ್ವಲ್ಪ ಬೇರೆಯಾಗುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಅಗಲವಿರುವುದರಿಂದ ಅದನ್ನು ಎಚ್‌ಒ ಅಳತೆಗೆ ಇಳಿಸಿದರೆ ಹಳಿಗಳ ನಡುವೆ ಸುಮಾರು 19 ಮಿಲಿಮೀಟರ್ ಇರಬೇಕಾಗುತ್ತದೆ. ಹಾಗಾಗಿ ಭಾರತೀಯ ರೈಲಿನ ಮಾದರಿಯನ್ನು 16.5ರ ಹಳಿಯ ಮೇಲಿಟ್ಟಾಗ ಹಳಿ ಕೊಂಚ ಇಕ್ಕಟ್ಟಾಗಿ ಕಾಣುವುದು ಸಹಜ. ಇದಕ್ಕಾಗಿ ಚಿಂತಿಸಿ ಬೇರೆ ಅಳತೆಯ ಹಳಿಯನ್ನು ಹುಡುಕಿಕೊಂಡು ಹೋಗುವುದು ಆರಂಭದಲ್ಲಿ ಬೇಡ.

ಯಾವ ಅಳತೆ ಎಂಬುದು ಮನೆಯಲ್ಲಿರುವ ಜಾಗದಿಂದ ತೀರ್ಮಾನವಾಗಲಿ. ಒಒ ಹಳಿಯಲ್ಲಿ ಅತಿ ಇಕ್ಕಟ್ಟಿನ ಸಾಮಾನ್ಯ ತಿರುವಿನ ತ್ರಿಜ್ಯ 371 ಮಿಲಿಮೀಟರ್, ಅದರ ಮುಂದಿನದು 438. ಎರಡನೆಯದನ್ನು ಹಾಕಿದರೆ ಒಂದು ಸುತ್ತಿಗೆ ಸುಮಾರು ಒಂದು ಮೀಟರ್ ಅಗಲದ ಹಲಗೆ ಬೇಕು. ಅಂಗಡಿಯಲ್ಲಿ ಸಿಗುವ ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆಯನ್ನು ನಾಲ್ಕಡಿ ನಾಲ್ಕಡಿಯಾಗುವಂತೆ ಅರ್ಧಕ್ಕೆ ಕೊಯ್ಯಿಸಿದರೆ ಇದು ಸರಿಯಾಗಿ ಹಿಡಿಯುತ್ತದೆ. ಎನ್ ಅಳತೆಯಲ್ಲಿ ಟೊಮಿಕ್ಸ್ ಸಂಸ್ಥೆಯ 103 ಮತ್ತು 140 ಮಿಲಿಮೀಟರ್ ತ್ರಿಜ್ಯದ ತಿರುವುಗಳೂ ಕಾಟೊ ಸಂಸ್ಥೆಯ 117 ಮತ್ತು 150 ಮಿಲಿಮೀಟರ್ ತ್ರಿಜ್ಯದವೂ ಇವೆ. ಇವುಗಳಿಂದ ಪುಸ್ತಕದ ಕಪಾಟಿನ ಒಂದು ಹಲಗೆಯ ಮೇಲೆಯೇ ಪೂರ್ಣ ಸುತ್ತು ಮುಗಿಯುತ್ತದೆ. ಆದರೆ ಇಂಥ ತಿರುವಿನಲ್ಲಿ ಗಿಡ್ಡ ಎಂಜಿನು ಮತ್ತು ಗಿಡ್ಡ ಬೋಗಿಗಳು ಮಾತ್ರ ಓಡುತ್ತವೆ. ಕಾಟೊದವರ ಪಾಕೆಟ್ ಲೈನ್ ಬಂಡಿಗಳನ್ನು ಮಾಡಿರುವುದೇ ಇದಕ್ಕಾಗಿ.

ಇಲ್ಲಿ ಮಕ್ಕಳ ಆಸೆಯ ಪ್ರಶ್ನೆಯೊಂದು ಬರುತ್ತದೆ. 2023ರ ಸೆಪ್ಟೆಂಬರ್ 24ರಂದು ಕೇಸರಿ ಬಣ್ಣದ ವಂದೇ ಭಾರತ್ ಕಾಸರಗೋಡಿನಿಂದಲೇ ತಿರುವನಂತಪುರಕ್ಕೆ ಸಂಚಾರ ಆರಂಭಿಸಿದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ಬೇಕಾಗಿರುವುದು ಅದೇ ರೈಲು. ಉದ್ದನೆಯ ಬೋಗಿಗಳು ಇಕ್ಕಟ್ಟಾದ ತಿರುವಿನಲ್ಲಿ ಹೊರಕ್ಕೆ ಚಾಚಿಕೊಂಡು ಹಳಿ ತಪ್ಪುವುದರಿಂದ ಮನೆಯ ಸಣ್ಣ ಸುತ್ತಿಗೆ ಅದು ಹೊಂದುವುದಿಲ್ಲ. ತೀರ ಚಿಕ್ಕ ಮಕ್ಕಳಿಗೆ ಬ್ಯಾಟರಿಯಿಂದ ಓಡುವ ರೈಲೇ ಒಳ್ಳೆಯದು. ಜಪಾನಿನ ಪ್ಲಾರೈಲ್ 1959ರಿಂದ ನೀಲಿ ಪ್ಲಾಸ್ಟಿಕ್ ಹಳಿಯೊಂದಿಗೆ ಬರುತ್ತಿದೆ. ಹಳಿ ಪ್ಲಾಸ್ಟಿಕ್ಕಿನದು, ಅದರಲ್ಲಿ ವಿದ್ಯುತ್ತೂ ಇಲ್ಲ; ಹಾಗಾಗಿ ತುಕ್ಕಿನ ಗೊಡವೆಯಿಲ್ಲ. ಓಡಿಸಿ ಮುಗಿದ ಕೂಡಲೇ ಬ್ಯಾಟರಿ ತೆಗೆದಿಡುವುದೊಂದು ಅಭ್ಯಾಸವಾಗಬೇಕು, ಏಕೆಂದರೆ ಒಂದು ಮಳೆಗಾಲ ಒಳಗೇ ಉಳಿದ ಬ್ಯಾಟರಿ ಸೋರಿ ಒಳಗಿನ ತಗಡನ್ನು ತಿಂದುಹಾಕುತ್ತದೆ. ಮೂರು ವರ್ಷಕ್ಕಿಂತ ಕೆಳಗಿನ ಮಕ್ಕಳ ಕೈಗೆ ಸಣ್ಣ ಬಿಡಿಭಾಗಗಳಿರುವ ಯಾವ ರೈಲನ್ನೂ ಕೊಡಬಾರದು.

ಹಳಿಯಿಂದ ವಿದ್ಯುತ್ತು ಪಡೆಯುವ ಎಂಜಿನುಗಳಲ್ಲಿ ಅಗ್ಗದವು ನಾಲ್ಕು ಚಕ್ರದ ಗಿಡ್ಡ ಶಂಟಿಂಗ್ ಎಂಜಿನುಗಳು, ಅಂದರೆ ನಿಲ್ದಾಣದಲ್ಲಿ ಬೋಗಿಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸುವಂಥವು. ಹಾರ್ನ್‌ಬಿ ಮುಂತಾದ ಸಂಸ್ಥೆಗಳ ಪಟ್ಟಿಯಲ್ಲಿ ಕಡಿಮೆ ಬೆಲೆಯ ಸಾಲಿನಲ್ಲಿ ಇವೇ ಇರುತ್ತವೆ. ಎಷ್ಟು ಇಕ್ಕಟ್ಟಾದ ತಿರುವನ್ನಾದರೂ ಹಾಯ್ದುಹೋಗುವುದು ಇವುಗಳ ಗುಣ. ವಿದ್ಯುತ್ತನ್ನು ಹಿಡಿಯಲು ನಾಲ್ಕೇ ಚಕ್ರಗಳಿರುವುದು ಇವುಗಳ ಕೊರತೆ. ಹಳಿ ಕವಲೊಡೆಯುವ ಪಾಯಿಂಟಿನಲ್ಲಿ ಎರಡು ಹಳಿಗಳು ಒಂದನ್ನೊಂದು ಹಾಯುವ ಮೂಲೆಯನ್ನು ಅಗ್ಗದ ಪಾಯಿಂಟುಗಳಲ್ಲಿ ಪ್ಲಾಸ್ಟಿಕ್ಕಿನಿಂದ ಮಾಡಿರುತ್ತಾರೆ. ನಿಧಾನವಾಗಿ ಬಂದ ಗಿಡ್ಡ ಎಂಜಿನಿನ ಒಂದು ಚಕ್ರ ಆ ಪ್ಲಾಸ್ಟಿಕ್ಕಿನ ಮೇಲಿರುವಾಗ ಅದೇ ಬದಿಯ ಇನ್ನೊಂದು ಚಕ್ರ ಕೊಳೆಯ ಮೇಲಿದ್ದರೆ ಎಂಜಿನು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಕವಲುಗಳಿಲ್ಲದ ಬರೀ ಸುತ್ತಾದರೆ ನಾಲ್ಕು ಚಕ್ರದ್ದನ್ನು ಕೊಳ್ಳಬಹುದು; ಶಂಟಿಂಗ್ ಮಾಡುವ ಆಸೆಯಿದ್ದರೆ ಸ್ವಲ್ಪ ಹೆಚ್ಚು ಹಣ ಕೊಟ್ಟು ಆರು ಚಕ್ರದ್ದನ್ನೇ ಕೊಳ್ಳುವುದು ಲೇಸು. ಆ ಹೆಚ್ಚಿನ ಹಣ ಖಂಡಿತ ವ್ಯರ್ಥವಲ್ಲ.

ನಮ್ಮ ಜಿಲ್ಲೆಯಲ್ಲಿ ಇಂಥ ಎಂಜಿನುಗಳು ಬಹಳಷ್ಟು ಕೊಲ್ಲಿಯಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಬರುತ್ತವೆ. ದುಬೈಯ ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್ ಇರುವುದರಿಂದ ಅಲ್ಲಿಯ ಅಡಾಪ್ಟರಿಗೆ ಪ್ಲಗ್ ಬದಲಾಯಿಸುವ ಪಿನ್ ಒಂದು ಸಾಕು. ಜಪಾನಿನದು ಹಾಗಲ್ಲ. ಅಲ್ಲಿನ ಮನೆಗಳಲ್ಲಿರುವುದು 100 ವೋಲ್ಟ್, ಅಮೆರಿಕದಲ್ಲಿ 120. ಅಲ್ಲಿಗೆಂದೇ ಮಾಡಿದ ಅಡಾಪ್ಟರನ್ನು ಇಲ್ಲಿಯ ಗೋಡೆಗೆ ಚುಚ್ಚಿದರೆ ಅದು ಆ ಕ್ಷಣವೇ ಸುಟ್ಟುಹೋಗುತ್ತದೆ, ಬೆಂಕಿಯ ಅಪಾಯವೂ ಇದೆ. ಅಡಾಪ್ಟರಿನ ಬೆನ್ನಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಮಾತ್ರ ನೇರವಾಗಿ ಬಳಸಬಹುದು. ಅಂಚೆಯಲ್ಲಿ ತರಿಸುವವರು ಎಂಜಿನಿನ ಬೆಲೆಯ ಜೊತೆಗೆ ಸಾಗಾಟದ ಖರ್ಚನ್ನೂ ಕಸ್ಟಮ್ಸ್ ಸುಂಕವನ್ನೂ ಕೂಡಿಸಿ ಲೆಕ್ಕ ಹಾಕಿದ ಮೇಲೆಯೇ ಅಗ್ಗವೋ ಅಲ್ಲವೋ ಎಂದು ನಿರ್ಧರಿಸಬೇಕು.

ಬಳಸಿದ ಎಂಜಿನು ಕೊಳ್ಳುವುದರಲ್ಲಿ ತಪ್ಪಿಲ್ಲ, ಪರೀಕ್ಷಿಸಿ ಕೊಳ್ಳಬೇಕು ಅಷ್ಟೆ. 9 ವೋಲ್ಟಿನ ಚೌಕ ಬ್ಯಾಟರಿಯೊಂದನ್ನೂ ಎರಡು ತುಂಡು ತಂತಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಎಂಜಿನನ್ನು ಮಗುಚಿ ಹಿಡಿದು ಒಂದು ತಂತಿಯನ್ನು ಎಡಬದಿಯ ಚಕ್ರಕ್ಕೂ ಇನ್ನೊಂದನ್ನು ಬಲಬದಿಯ ಚಕ್ರಕ್ಕೂ ತಾಗಿಸಿದರೆ ಚಕ್ರಗಳು ತಿರುಗಬೇಕು. ತಂತಿಗಳನ್ನು ಅದಲುಬದಲು ಮಾಡಿದರೆ ಹಿಮ್ಮುಖವಾಗಿ ತಿರುಗಬೇಕು. ತಿರುಗುವಾಗ ಒಂದೇ ಲಯದಲ್ಲಿ ಟಿಕ್ ಟಿಕ್ ಎಂದು ಸದ್ದು ಬಂದರೆ ಪ್ಲಾಸ್ಟಿಕ್ಕಿನ ಹಲ್ಲುಚಕ್ರವೊಂದು ಸೀಳಿರಬಹುದು. ಆಮೇಲೆ ಎಂಜಿನಿನ ಲೋಹದ ಅಡಿಗಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ಕಾಲದ ಸತುವಿನ ಎರಕದಲ್ಲಿ ಸೀಸದಂಥ ಕಲ್ಮಷವಿದ್ದರೆ ಲೋಹ ವರ್ಷಗಳು ಕಳೆದಂತೆ ಉಬ್ಬಿ, ಮೇಲೆಲ್ಲ ಸಣ್ಣ ಬಿರುಕುಗಳೆದ್ದು, ಕೊನೆಗೆ ಪುಡಿಯಾಗುತ್ತದೆ. ತೇವದ ಹವೆಯಲ್ಲಿ ಇದು ಇನ್ನೂ ಬೇಗ. ಇದಕ್ಕೆ ಮದ್ದಿಲ್ಲ, ಅಡಿಗಟ್ಟು ಬಾಗಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.

ಹಳಿ ಕೊಳ್ಳುವಾಗ ಉಕ್ಕಿನ ಹಳಿ ಬೇಡವೇ ಬೇಡ, ಕರಾವಳಿಯ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯದು ತುಕ್ಕು ಹಿಡಿಯದಿದ್ದರೂ ಅದರ ಮೇಲೆ ಕಟ್ಟುವ ಕಿಲುಬು ವಿದ್ಯುತ್ತನ್ನು ತಡೆಯುತ್ತದೆ. ತಾಮ್ರ, ನಿಕಲ್, ಸತು ಬೆರೆತ ನಿಕಲ್ ಸಿಲ್ವರ್ ಹಳಿ ನಮಗೆ ಸರಿಯಾದದ್ದು. ಹಲಗೆಯನ್ನು ಪೂರ್ತಿ ಸಮತಟ್ಟಾಗಿಡಿ. ಏರು ಬೇಕೆನಿಸಿದರೂ ಮೀಟರಿಗೆ ಎರಡು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಹಗುರವಾದ ಸಣ್ಣ ಎಂಜಿನಿನ ಚಕ್ರ ಜಾರುತ್ತದೆ. ಹಳಿಗಳನ್ನು ಜೋಡಿಸುವ ತಗಡಿನ ಕೊಂಡಿಗಳು ಕ್ರಮೇಣ ಸಡಿಲವಾಗಿ ವಿದ್ಯುತ್ತು ಮುಂದಕ್ಕೆ ಹೋಗುವುದಿಲ್ಲ. ಸುತ್ತಿನ ದೂರದ ತುದಿಯಲ್ಲಿ ಎಂಜಿನು ನಿಧಾನವಾಗುತ್ತಿದ್ದರೆ ಕಾರಣ ಇದೇ. ಕಂಟ್ರೋಲರಿನಿಂದ ಇನ್ನೊಂದು ಜೋಡಿ ತಂತಿಯನ್ನು ಅಲ್ಲಿಗೂ ಎಳೆದು, ಎಡದ ಹಳಿಯ ತಂತಿ ಎಡಕ್ಕೇ ಬಲದ್ದು ಬಲಕ್ಕೇ ಬರುವಂತೆ ಬೆಸುಗೆ ಹಾಕಿದರೆ ಸರಿಯಾಗುತ್ತದೆ.

ಹೊಸ ಎಂಜಿನನ್ನು ಮೊದಲು ಬೋಗಿಗಳಿಲ್ಲದೆ, ನಡುಮಟ್ಟದ ವೇಗದಲ್ಲಿ, ಮುಂದಕ್ಕೆ ಅರ್ಧ ಗಂಟೆ ಹಿಂದಕ್ಕೆ ಅರ್ಧ ಗಂಟೆ ಓಡಿಸಿ ಪಳಗಿಸಬೇಕು. ಆಮೇಲಿನ ಓಟದಲ್ಲಿ ವೇಗಕ್ಕೆ ಕಡಿವಾಣವಿರಲಿ. ಗಂಟೆಗೆ 40 ಕಿಲೋಮೀಟರ್ ಓಡುವ ಗೂಡ್ಸ್ ರೈಲನ್ನು ಎಚ್‌ಒ ಅಳತೆಗೆ ಇಳಿಸಿದರೆ ಅದು ಸೆಕೆಂಡಿಗೆ ಸುಮಾರು 13 ಸೆಂಟಿಮೀಟರ್ ಆಗುತ್ತದೆ, ಅಂದರೆ ಒಂದು ಮೀಟರ್ ಹಳಿ ದಾಟಲು ಎಂಟು ಸೆಕೆಂಡು. ಗಡಿಯಾರ ಹಿಡಿದು ಒಮ್ಮೆ ಹಾಗೆ ಓಡಿಸಿ ನೋಡಿದವರಿಗೆ ಸಣ್ಣ ಎಂಜಿನಿನ ಚೆಂದ ಎಲ್ಲಿದೆಯೆಂದು ಗೊತ್ತಾಗುತ್ತದೆ. ಅಷ್ಟು ನಿಧಾನವಾಗಿ ನಿಲ್ಲದೆ ಓಡಬೇಕಾದರೆ ಹಳಿ ಮತ್ತು ಚಕ್ರ ಎರಡೂ ಶುಚಿಯಾಗಿರಲೇಬೇಕು.

ಹಳಿ ಒರೆಸಲು ಇಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸುವೇ ನೆನೆಸಿದ ಹತ್ತಿ ಬಟ್ಟೆ ಸಾಕು. ಒರೆಸುವಾಗ ಕರೆಂಟ್ ಆರಿಸಿ, ಕಿಟಕಿ ತೆರೆದಿಡಿ, ಹತ್ತಿರದಲ್ಲಿ ದೀಪವಾಗಲಿ ಅಗರಬತ್ತಿಯಾಗಲಿ ಇರಬಾರದು. ಮರಳು ಕಾಗದದಿಂದ ಉಜ್ಜಿದರೆ ಬೀಳುವ ಗೀರುಗಳಲ್ಲಿ ಕೊಳೆ ಮತ್ತಷ್ಟು ಬೇಗ ಸೇರುತ್ತದೆ. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನಂತೂ ಹತ್ತಿರ ತರಲೇಬಾರದು, ಅದರ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಒಳಕ್ಕೆಳೆದುಕೊಂಡು ಶಾರ್ಟ್ ಆಗುತ್ತದೆ. ಚಕ್ರ ಶುಚಿ ಮಾಡುವ ಕ್ರಮ ಹೀಗಿದೆ. ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಹಳಿಯ ಮೇಲೆ ಅಡ್ಡ ಹಾಸಿ ಒಂದೆರಡು ಹನಿ ಆಲ್ಕೋಹಾಲ್ ಬಿಡಿ. ಎಂಜಿನಿನ ಮುಂದಿನ ಜೋಡಿ ಚಕ್ರ ಕಾಗದದ ಮೇಲೆ, ಹಿಂದಿನ ಜೋಡಿ ಬರಿಯ ಹಳಿಯ ಮೇಲೆ ಇರುವಂತೆ ಇಟ್ಟು, ಎಂಜಿನನ್ನು ಬೆರಳಿನಿಂದ ಮೆಲ್ಲನೆ ತಡೆಹಿಡಿದು ಕರೆಂಟ್ ಕೊಡಿ. ಚಕ್ರಗಳು ಕಾಗದದ ಮೇಲೆ ಜಾರುತ್ತ ತಿರುಗುತ್ತವೆ, ಎರಡು ಕಪ್ಪು ಗೆರೆಗಳು ಮೂಡುತ್ತವೆ. ಕಾಗದವನ್ನು ಸರಿಸಿ ಹೊಸ ಜಾಗದಲ್ಲಿ ಮತ್ತೆ ಮಾಡಿ. ಗೆರೆ ಮೂಡದಷ್ಟಾದಾಗ ಎಂಜಿನನ್ನು ತಿರುಗಿಸಿ ಹಿಂದಿನ ಜೋಡಿಗೂ ಹೀಗೆಯೇ ಮಾಡಿ. ಹಿಡಿತಕ್ಕೆಂದು ರಬ್ಬರಿನ ಪಟ್ಟಿ ಹಾಕಿದ ಚಕ್ರಗಳನ್ನು ಮಾತ್ರ ಒಣಬಟ್ಟೆಯಿಂದ ಒರೆಸಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಹಾಕಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ, ಹಲ್ಲುಚಕ್ರಗಳು ಕಚ್ಚಿಕೊಳ್ಳುತ್ತವೆ. ಪ್ಲಾಸ್ಟಿಕ್ಕನ್ನು ಕೆಡಿಸದ ತೆಳುವಾದ ಯಂತ್ರದೆಣ್ಣೆಯನ್ನು ಸೂಜಿಯ ತುದಿಯಲ್ಲಿ ಅದ್ದಿ ಚಕ್ರದ ಅಚ್ಚಿನ ಎರಡು ಕೊನೆಗಳಿಗೆ ಮುಟ್ಟಿಸಿದರೆ ಸಾಕು. ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ಬ್ರಶ್ಶಿನತ್ತ ಎಣ್ಣೆ ಹರಿಯಬಾರದು.

ಮಳೆಗಾಲದಲ್ಲಿ ಎಂಜಿನುಗಳನ್ನು ಅಟ್ಟದ ಮೇಲಾಗಲಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಾಗಲಿ ಇಡಬಾರದು. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಕಾಳಿನ ಬಣ್ಣ ಬದಲಾದಾಗ ಪೊಟ್ಟಣವನ್ನು ಬದಲಾಯಿಸಬೇಕು. ಪೆಟ್ಟಿಗೆಯೊಂದಿಗೆ ಬಂದ ಹಳೆಯ ಸ್ಪಂಜು ಕಾಲಾಂತರದಲ್ಲಿ ಕರಗಿ ಬಣ್ಣಕ್ಕೆ ಅಂಟಿಕೊಳ್ಳುವುದರಿಂದ ಅದನ್ನು ತೆಗೆದು ಮೃದುವಾದ ಟಿಶ್ಯೂ ಕಾಗದ ಸುತ್ತಿಡಿ. ಹದಿನೈದು ದಿನಕ್ಕೊಮ್ಮೆ ಪ್ರತಿಯೊಂದು ಎಂಜಿನನ್ನೂ ಐದು ನಿಮಿಷ ಓಡಿಸುವುದು ಮುಚ್ಚಿಡುವುದಕ್ಕಿಂತ ಉತ್ತಮ ರಕ್ಷಣೆ. ಗುಡುಗು ಮಿಂಚು ಆರಂಭವಾದರೆ ಅಡಾಪ್ಟರನ್ನು ಗೋಡೆಯಿಂದ ಕಿತ್ತೇ ಇಡಬೇಕು.

ಸಂಗ್ರಹ ಬೆಳೆಸುವಾಗ ಒಂದು ಮಿತಿ ಹಾಕಿಕೊಳ್ಳಿ: ಒಂದೇ ಅಳತೆ, ಬೋಗಿಗಳನ್ನು ಜೋಡಿಸಲು ಒಂದೇ ಬಗೆಯ ಕೊಂಡಿ. ಬ್ರಿಟನ್ನಿನ ಬೋಗಿಯ ಕೊಕ್ಕೆ ಅಮೆರಿಕದ ಬೋಗಿಗೆ ಸಿಕ್ಕಿಸಲು ಬರುವುದಿಲ್ಲ. ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೊಂಡರೆ ಒಂದರ ಹಿಂದೆ ಒಂದನ್ನು ಕಟ್ಟಲಾಗದ ಗುಂಪು ಉಳಿಯುತ್ತದೆ. ನಮ್ಮ ರೈಲಿನ ಛಾಯೆ ಬೇಕೆನ್ನುವವರು ಆಲ್ಕೋ ಕುಟುಂಬದ ಅಮೆರಿಕನ್ ಡೀಸೆಲ್ ಎಂಜಿನುಗಳನ್ನು ಗಮನಿಸಬಹುದು, ಏಕೆಂದರೆ 1962ರಲ್ಲಿ ಭಾರತಕ್ಕೆ ಬಂದು ಮುಂದೆ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನು ಮೂಲತಃ ಆಲ್ಕೋ ಸಂಸ್ಥೆಯ ವಿನ್ಯಾಸ. ಪ್ರತಿ ಎಂಜಿನಿಗೂ ನೋಟುಪುಸ್ತಕದಲ್ಲಿ ಒಂದು ಪುಟವಿಟ್ಟು ಕೊಂಡ ದಿನ, ಕೊಟ್ಟ ಬೆಲೆ, ಎಣ್ಣೆ ಹಾಕಿದ ದಿನ, ಬದಲಾಯಿಸಿದ ಬಿಡಿಭಾಗ ಇಷ್ಟನ್ನು ಬರೆದಿಡಿ. ಒಂದೇ ಹಳಿಯ ಮೇಲೆ ಎರಡು ಎಂಜಿನುಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಬೇಕೆನಿಸುವವರೆಗೆ ಡಿಸಿಸಿ ಎಂಬ ಡಿಜಿಟಲ್ ವ್ಯವಸ್ಥೆಗೆ ಹಣ ಹಾಕುವ ಅಗತ್ಯವಿಲ್ಲ. ಸುತ್ತಿನ ಒಂದು ಬದಿಯಲ್ಲಿ ಕವಲು ಹಳಿ ಹಾಕಿ, ಅದರ ಒಂದು ಹಳಿಗೆ ಹೋಗುವ ವಿದ್ಯುತ್ತನ್ನು ಸಣ್ಣ ಸ್ವಿಚ್ಚಿನಿಂದ ಕಡಿಯುವಂತೆ ಮಾಡಿದರೆ ಒಂದು ಎಂಜಿನು ಅಲ್ಲಿ ನಿಂತಿರುವಾಗ ಇನ್ನೊಂದು ಸುತ್ತಿನಲ್ಲಿ ಓಡುತ್ತದೆ.