ಮ್ಯಾಚ್ ನೋಡಲು ಹೋಗುವಾಗ ಒಂದು ನೋಟ್‌ಬುಕ್ ಇರಲಿ

ಮಹಿಳಾ ಬಾಸ್ಕೆಟ್‌ಬಾಲ್ ಬಗ್ಗೆ ಬರೆಯುವ ಆಸೆ ಇದೆಯಾ? ಸುಮ್ನೆ ಸ್ಕೋರ್ ಗೀಚಿಕೊಂಡು ಬರಬೇಡಿ, ಅದು ಆಮೇಲೂ ಸಿಗುತ್ತದೆ. ಒಂದು ಕ್ವಾರ್ಟರ್‌ಗೆ, ಅಂದರೆ 10 ನಿಮಿಷಕ್ಕೆ, ಒಂದು ಪುಟ ಇಡಿ. ಜರ್ಸಿ ನಂಬರ್, ಫೌಲ್, ಟೈಮ್‌ಔಟ್ ಆದ ಮೇಲೆ ಆಟ ಹೇಗೆ ಬದಲಾಯಿತು, ಇಷ್ಟು ಸಾಕು. ಮುಖ್ಯ ಆಟಗಾರ್ತಿಗೆ ನಾಲ್ಕನೇ ಫೌಲ್ ಬಿತ್ತಾ? ಸಮಯ ಬರೆದಿಡಿ. ಐದಾದರೆ ಆಕೆ ಹೊರಗೆ. ಆ ಭಯಕ್ಕೇ ಕೋಚ್ ಬೆಂಚಿಗೆ ಕರೆಸಿಕೊಳ್ಳುವುದು ಜಾಸ್ತಿ, ಎಷ್ಟೋ ಸಲ ಪಂದ್ಯ ತಿರುಗುವುದೂ ಅಲ್ಲೇ.

2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳಾ ಏಷ್ಯಾ ಕಪ್‌ನ ಡಿವಿಷನ್ ಬಿ, ಅಂದರೆ ಎರಡನೇ ಹಂತದ ಫೈನಲ್ ನಡೆಯಿತು, ನೆನಪಿದೆ ಅಲ್ವಾ? ಭಾರತ ಕಜಕಿಸ್ತಾನವನ್ನು ಸೋಲಿಸಿದ್ದು 75-73ರಲ್ಲಿ. ಎರಡೇ ಪಾಯಿಂಟ್! ಅಂಥ ಕೊನೆಯ ನಿಮಿಷಗಳನ್ನು ಬರೀ ನೆನಪಿನಿಂದ ಬರೆಯಲು ಆಗುವುದಿಲ್ಲ. ಅಂದ ಹಾಗೆ, ಪೆನ್ ಬೇಡ, ಪೆನ್ಸಿಲ್ ಒಯ್ಯಿರಿ.