ಒಲೆ ಹಿಂದಿನ ಗೋಡೆಗೆ ಹೊಸ ರೂಪ

ಕೊಪ್ಪಳ, ರಾಯಚೂರು ಕಡೆಯ ಹಳೆ ಮನೆಗಳಲ್ಲಿ ಕಟ್ಟಿಗೆ ಒಲೆ ಹಿಂದಿನ ಗೋಡೆ ಮಸಿ ಹಿಡಿದು ಕರ್ರಗಾಗಿರುತ್ತದೆ. ಅದರ ಮೇಲೆ ನೇರವಾಗಿ ಬಣ್ಣ ಬಳಿಯಬೇಡಿ. ಎರಡು ಕೋಟ್ ಹೊಡೆದರೂ ಕಂದು ಕಲೆ ಮೇಲೆದ್ದು ಬರುತ್ತದೆ, ಜಿಡ್ಡಿನ ಮೇಲೆ ಬಣ್ಣ ಕೂರುವುದಿಲ್ಲ.

ಮೊದಲು ಒಣ ಬ್ರಷ್‌ನಿಂದ ಮಸಿ ಉದುರಿಸಿ. ಸಿಮೆಂಟ್ ಗೋಡೆಯಾದರೆ 5 ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಕೈಗವಸು ಹಾಕಿಕೊಂಡು ಕೆಳಗಿನಿಂದ ಮೇಲಕ್ಕೆ ಉಜ್ಜಿ. ಮೇಲಿನಿಂದ ಶುರು ಮಾಡಿದರೆ ಇಳಿದ ಕರಿನೀರು ಗೆರೆಗೆರೆಯಾಗಿ ಉಳಿಯುತ್ತದೆ. ಗೋಡೆ ಒಣಗಿದ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದ ಕಡೆ ಗಿಲಾವು ಇಟ್ಟಿಗೆ ಬಿಟ್ಟಿದೆ ಎಂದರ್ಥ. ಅಷ್ಟನ್ನೂ ಕೆತ್ತಿ ತೆಗೆದು, 1:4 ಸಿಮೆಂಟ್-ಮರಳಿನ ಗಾರೆ ಹಚ್ಚಿ, 7 ದಿನ ನೀರು ಹೊಡೆಯಿರಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ದಿನಕ್ಕೆ ಮೂರು ಸಲವಾದರೂ ಬೇಕು. ಇಲ್ಲವಾದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಮಣ್ಣಿನ ಗೋಡೆಗೆ ಸಿಮೆಂಟ್ ಬೇಡವೇ ಬೇಡ. ತೇವ ಒಳಗೇ ಸಿಕ್ಕಿಬಿದ್ದು ಗಿಲಾವು ಹಪ್ಪಳದಂತೆ ಏಳುತ್ತದೆ. ಜರಡಿ ಹಿಡಿದ ಮಣ್ಣಿಗೆ ಹೊಟ್ಟು ಕಲಸಿ ಮೆತ್ತಿ, ಒಣಗಿದ ಮೇಲೆ ಸುಣ್ಣ ಬಳಿಯಿರಿ.

ಸಿಮೆಂಟ್ ಗೋಡೆಯ ಅಂದಕ್ಕೆ ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್ ಚೆನ್ನಾಗಿ ಒಪ್ಪುತ್ತದೆ. ಒಲೆಗಿಂತ ಎರಡೂ ಬದಿ ಅರ್ಧ ಅಡಿ ಹೆಚ್ಚಿಗೆ, 3 ಅಡಿ ಎತ್ತರಕ್ಕೆ ಕೂರಿಸಿ. ಕಲ್ಲು ಬಿಸಿಗೆ ಹಿಗ್ಗುವುದರಿಂದ 3 ಮಿ.ಮೀ. ಸಂದು ಬಿಡಿ. ಪಿವಿಸಿ ಪ್ಯಾನೆಲ್, ವಾಲ್‌ಪೇಪರ್ ಬೆಂಕಿಯ ಹತ್ತಿರ ಅಪಾಯ. ಚೆಂದಕ್ಕೆಂದು ಮೇಲಿನ ಬೆಳಕಿಂಡಿಯನ್ನೂ ಮುಚ್ಚಬೇಡಿ, ಹೊಗೆ ಹೋಗುವ ದಾರಿಯೇ ಅದು.