ಸಿಖ್ ಧರ್ಮ ತಿಳಿಯಬೇಕಾ? ಬೀದರಿನಿಂದ ಶುರು ಮಾಡಿ

ಸಿಖ್ಖರ ಪ್ರಾರ್ಥನಾ ಸ್ಥಳವಾದ ಗುರುದ್ವಾರಕ್ಕೆ ಹೋಗಲು ಯಾರ ಪರಿಚಯವೂ ಬೇಡ, ಯಾರನ್ನೂ ಕೇಳಬೇಕಾಗಿಲ್ಲ. ಸಿಖ್ ಧರ್ಮದ ಬಗ್ಗೆ ಕುತೂಹಲ ಇದ್ದರೆ ವಿಡಿಯೋ ನೋಡುತ್ತಾ ಕೂರಬೇಡಿ, ಅಲ್ಲಿ ಯುದ್ಧದ ಕಥೆ, ರಾಜಕೀಯದ ಜಗಳವೇ ಜಾಸ್ತಿ. ಬೆಂಗಳೂರಿನವರಾದರೆ ಹಲಸೂರು ಕೆರೆ ಪಕ್ಕದ ಗುರುದ್ವಾರಕ್ಕೆ ಹೋಗಿ. ಸ್ವಲ್ಪ ದೂರ ಹೋಗಲು ತಯಾರಿದ್ದರೆ ಬೀದರಿನ ನಾನಕ್ ಝಿರಾ ಸಾಹಿಬ್ ಗುರುದ್ವಾರಕ್ಕೆ. ನನ್ನ ಮಟ್ಟಿಗೆ ಬೀದರೇ ಸರಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಳಗೆ ಹೋಗುವ ಮೊದಲು ಚಪ್ಪಲಿ ಬಿಡಿ, ಕೈಕಾಲು ತೊಳೆಯಿರಿ, ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಗಂಡು ಹೆಣ್ಣು ಎಲ್ಲರಿಗೂ ಇದೇ ನಿಯಮ, ದೊಡ್ಡ ಕರವಸ್ತ್ರ ಸಾಕು, ಇಲ್ಲದಿದ್ದರೆ ಸಾಮಾನ್ಯವಾಗಿ ಬಾಗಿಲ ಹತ್ತಿರವೇ ಇಟ್ಟಿರುತ್ತಾರೆ. ಜೇಬಿನಲ್ಲಿ ಸಿಗರೇಟು, ಗುಟ್ಕಾ ಬೇಡವೇ ಬೇಡ. ಒಳಗೆ ಮೂರ್ತಿ ಇರುವುದಿಲ್ಲ, ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್ ಇರುತ್ತದೆ. ಅದರ ಮುಂದೆ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಿ, ನೆಲದ ಮೇಲೆ ಕೂತು ಕೀರ್ತನೆ ಕೇಳಿ. ಗ್ರಂಥದ ಕಡೆ ಕಾಲು ಚಾಚಬೇಡಿ. ಕಡಾ ಪ್ರಸಾದ, ಅಂದರೆ ಗೋಧಿ ಹಿಟ್ಟಿನ ಹಲ್ವಾ, ಕೊಟ್ಟರೆ ಎರಡೂ ಕೈ ಬೊಗಸೆ ಮಾಡಿ ತೆಗೆದುಕೊಳ್ಳಿ. ತುಪ್ಪ ಧಾರಾಳವಾಗಿರುತ್ತದೆ, ಕಡಿಮೆ ಸಾಕು ಅಂತ ಹೇಳಬಹುದು, ಬೇಡ ಅನ್ನಬಾರದು.

ಆಮೇಲೆ ಲಂಗರ್‌ಗೆ, ಅಂದರೆ ಎಲ್ಲರಿಗೂ ಉಚಿತವಾಗಿ ಊಟ ಹಾಕುವ ಜಾಗಕ್ಕೆ ಹೋಗಿ. ಸಾಲಿನಲ್ಲಿ ನೆಲದ ಮೇಲೆ ಕೂತು ಊಟ. ಪಕ್ಕದಲ್ಲಿ ಯಾರು ಬೇಕಾದರೂ ಇರಬಹುದು, ಅದಕ್ಕಾಗಿಯೇ ಈ ಪದ್ಧತಿ ಇರುವುದು. ರೊಟ್ಟಿಗೆ ಎರಡೂ ಕೈ ಚಾಚಿ, ತಟ್ಟೆಯಲ್ಲಿ ಬಿಡಬೇಡಿ. ಊಟ ಮುಗಿಸಿ ಸುಮ್ನೆ ಎದ್ದು ಬರಬೇಡಿ, "ಸೇವೆಗೆ ಏನಾದರೂ ಇದೆಯಾ?" ಅಂತ ಅಡುಗೆಮನೆಯಲ್ಲಿ ಕೇಳಿ. ತಟ್ಟೆ ತೊಳೆಯುವುದು, ಚಪ್ಪಲಿ ಕಾಯುವುದು, ಬೆಳ್ಳುಳ್ಳಿ ಸುಲಿಯುವುದು, ಏನೋ ಒಂದು ಸಿಗುತ್ತದೆ. ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವವರು ನಿಮ್ಮ ಪ್ರಶ್ನೆಗೆ ಕೊಡುವ ಉತ್ತರ ಯಾವ ಭಾಷಣದಲ್ಲೂ ಸಿಗುವುದಿಲ್ಲ. ನಾಮ ಜಪ, ದುಡಿದು ಬದುಕುವುದು, ಹಂಚಿ ತಿನ್ನುವುದು, ಈ ಮೂರೇ ಸಿಖ್ ಬದುಕಿನ ಬುಡ. ಕಾಯಕ ದಾಸೋಹ ಕೇಳಿ ಬೆಳೆದ ನಮಗೆ ಇದು ತಕ್ಷಣ ಹತ್ತಿರ ಅನ್ನಿಸುತ್ತದೆ. ಆದರೆ "ಓ, ಎಲ್ಲಾ ಒಂದೇ ಬಿಡಿ" ಅಂತ ಅಲ್ಲಿಗೇ ನಿಲ್ಲಿಸಿದರೆ ಕಲಿಯುವುದೂ ಅಲ್ಲಿಗೇ ನಿಲ್ಲುತ್ತದೆ, ಅಲ್ವಾ?

ಓದುವ ವಿಷಯ. ಗುರು ಗ್ರಂಥ ಸಾಹಿಬ್ 1430 ಪುಟ, ಬಹುಪಾಲು ರಾಗಗಳ ಪ್ರಕಾರ ಜೋಡಿಸಿದ್ದು. ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ ಅಂತ ಹೊರಡಬೇಡಿ. ಸಿಖ್ಖರ ಮೊದಲ ಗುರು ನಾನಕರ ಜಪ್‌ಜೀ ಸಾಹಿಬ್‌ ಎಂಬ ಪ್ರಾರ್ಥನೆಯಿಂದ ಶುರು ಮಾಡಿ, ಅದರಲ್ಲಿ 38 ಪೌಡಿ, ಅಂದರೆ ಮೆಟ್ಟಿಲು. ದಿನಕ್ಕೊಂದು ಸಾಕು. ಮೊದಲು ಕೇಳಿ, ಆಮೇಲೆ ಅರ್ಥ ನೋಡಿ. ಬೇಜಾರಾದರೆ ನಾಮದೇವರ ಪದಗಳನ್ನು ಹುಡುಕಿ. ಪಂಢರಪುರದ ವಿಠ್ಠಲನ ಭಕ್ತರಾದ ಅದೇ ನಾಮದೇವರು. ಕಬೀರ, ರವಿದಾಸ, ಶೇಖ್ ಫರೀದ್ ಕೂಡ ಅದೇ ಗ್ರಂಥದಲ್ಲಿದ್ದಾರೆ.

ಇನ್ನು ಇತಿಹಾಸ. ಹತ್ತು ಗುರುಗಳ ಹೆಸರು, ಇಸವಿ ಬಾಯಿಪಾಠ ಮಾಡಲು ಹೋದರೆ ಎರಡೇ ದಿನಕ್ಕೆ ಸಾಕಾಗುತ್ತದೆ. ಒಬ್ಬರನ್ನು ಹಿಡಿದು ಎಳೆಯಿರಿ, ಉಳಿದವರು ತಾವಾಗಿ ಬರುತ್ತಾರೆ. 1699ರ ವೈಸಾಖಿ ಹಬ್ಬದಂದು ಪಂಜಾಬಿನ ಆನಂದಪುರದಲ್ಲಿ ಹತ್ತನೇ ಗುರು ಗೋಬಿಂದ್ ಸಿಂಗ್ ಕತ್ತಿ ಹಿಡಿದು "ತಲೆ ಕೊಡುವವರು ಯಾರು?" ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಒಬ್ಬರು. ಬೀದರಿನವರು, ಕ್ಷೌರಿಕ ಕುಟುಂಬದವರು ಅಂತ ಸಿಖ್ ಪರಂಪರೆ ಹೇಳುತ್ತದೆ. ಮೊಘಲರ ವಿರುದ್ಧದ ಚಮಕೌರ್ ಕಾಳಗದಲ್ಲಿ ತೀರಿಕೊಂಡರು. ಬೀದರಿನ ಕಡೆಯೇ ಅವರ ನೆನಪಿನ ಗುರುದ್ವಾರವಿದೆ. ಬೀದರಿನ ಹತ್ತಿರದ ಜನವಾಡದಲ್ಲಿ ಮಾಯಿ ಭಾಗೋ ಅವರದ್ದೂ ಇದೆ. ಗುರು ಗೋಬಿಂದ್ ಸಿಂಗರನ್ನು ಬಿಟ್ಟು ಬಂದಿದ್ದ ನಲವತ್ತು ಮಂದಿಯನ್ನು ಬೈದು ವಾಪಸ್ ಕರೆದುಕೊಂಡು ಹೋಗಿ 1705ರಲ್ಲಿ ಮುಕ್ತಸರದಲ್ಲಿ ಅವರ ಜೊತೆ ತಾನೂ ಹೋರಾಡಿದ ಹೆಂಗಸು ಈಕೆ. 1708ರಲ್ಲಿ ನಾಂದೇಡದಲ್ಲಿ ಗುರು ತೀರಿಕೊಂಡ ಮೇಲೆ ಜನವಾಡಕ್ಕೆ ಬಂದು ಕೊನೆಯವರೆಗೂ ಇಲ್ಲೇ ಇದ್ದರು ಅನ್ನುತ್ತಾರೆ. ಪಂಜಾಬಿನ ಹೆಣ್ಣುಮಗಳೊಬ್ಬಳ ಕಥೆ ನಮ್ಮ ನೆಲದಲ್ಲಿ ಮುಗಿಯುತ್ತದೆ, ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು ಹೇಳಿ! ಬೀದರೇ ಸರಿ ಅಂದಿದ್ದು ಇದಕ್ಕೇ.

ನಾನಕ್ ಝಿರಾದ ನೀರಿನ ಕಥೆಯನ್ನು ಅಲ್ಲಿನವರ ಬಾಯಲ್ಲೇ ಕೇಳಿ. ನೀರಿಲ್ಲದ ಊರಿನಲ್ಲಿ ಗುರು ನಾನಕರು ಕಾಲಿನಿಂದ ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಅನ್ನುವ ನಂಬಿಕೆ ಅದು. "ಇದು ನಿಜವಾ?" ಅಂತ ವಾದಕ್ಕೆ ನಿಲ್ಲಬೇಡಿ. 1984ರಲ್ಲಿ ದೆಹಲಿಯಲ್ಲಿ ನಡೆದ ಸಿಖ್ಖರ ಹತ್ಯಾಕಾಂಡ, 1988ರಲ್ಲಿ ಬೀದರಿನಲ್ಲೇ ನಡೆದ ಸಿಖ್ ವಿದ್ಯಾರ್ಥಿಗಳ ಕೊಲೆ, ಇವೂ ಈ ಇತಿಹಾಸದ ಭಾಗ. ಓದಿಕೊಂಡು ಹೋಗಿ, ಆದರೆ ಆ ಮಾತನ್ನು ನೀವಾಗಿ ತೆಗೆಯಬೇಡಿ. ಅವರೇ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ.

ಕಾರ್ತಿಕ ಹುಣ್ಣಿಮೆಗೆ ಗುರು ನಾನಕ್ ಜಯಂತಿ. ಆಗ ಬೀದರಿನಲ್ಲಿ ಜನವೋ ಜನ. ಮೊದಲ ಸಲ ಹೋಗುವವರು ಬೇರೆ ದಿನ ನೋಡಿಕೊಳ್ಳಿ, ಗ್ರಂಥ ಓದುವ ಗ್ರಂಥಿಯವರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಸಿಗುತ್ತದೆ.